ಡಾರ್ಲೀನಮ್ಮನ ಸೇತುವೆ

ಖಾಲಿ ಜಾಗ ಕಂಡರೆ ಕೆಲವರಿಗೆ ಮನಸ್ಸು ಹಗುರವಾಗುತ್ತದಂತೆ. ನನಗೆ ಅಂಗೈ ತುರಿಸಲು ಶುರುವಾಗುತ್ತದೆ. ಇದು ಹುಟ್ಟಿನಿಂದ ಬಂದ ಗುಣವಲ್ಲ, ಕಸುಬಿನಿಂದ ಅಂಟಿದ ಕಾಯಿಲೆ. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬೇಕರಿಯ ಮಹಡಿಯಲ್ಲಿ ಫ್ಲೆಕ್ಸ್ ವಿನ್ಯಾಸದ ಸಣ್ಣ ಅಂಗಡಿ ಇಟ್ಟುಕೊಂಡವಳು ನಾನು. ಗೃಹಪ್ರವೇಶವಿರಲಿ, ಕಬಡ್ಡಿ ಪಂದ್ಯಾಟವಿರಲಿ, ಶ್ರದ್ಧಾಂಜಲಿಯೇ ಇರಲಿ, ಚೌಕಟ್ಟಿನೊಳಗೆ ಒಂದು ಬೆರಳಿನಷ್ಟು ಬಿಳಿ ಉಳಿದರೆ ಗಿರಾಕಿಗೆ ನಿದ್ದೆ ಬರುವುದಿಲ್ಲ. “ಅಕ್ಕ, ಇಲ್ಲಿ ಜಾಗ ಉಂಟಲ್ಲ, ನಮ್ಮ ಭಾವನದ್ದೊಂದು ಫೋಟೋ ಹಾಕುವ” ಎನ್ನುತ್ತಾರೆ. ಭಾವ ಬಂದ ಮೇಲೆ ಭಾವನ ಅಣ್ಣನನ್ನು ಬಿಡುವುದು ಹೇಗೆ? ಹೀಗೆ ತುಂಬಿಸಿ ತುಂಬಿಸಿ, ಈಗ ನಮ್ಮ ಮನೆಯ ಗೋಡೆಯಲ್ಲಿ ಎರಡು ಕ್ಯಾಲೆಂಡರುಗಳ ನಡುವೆ ಜಾಗ ಕಂಡರೂ ಅಲ್ಲಿ ಯಾರನ್ನಾದರೂ ಕೂರಿಸಬೇಕು ಅನ್ನಿಸುತ್ತದೆ. ಒಮ್ಮೆ ಒಂದು ಶಾಲೆಯ ವಾರ್ಷಿಕೋತ್ಸವದ ಫ್ಲೆಕ್ಸಿನಲ್ಲಿ ಒಬ್ಬರ ಮುಖ ಅಂಗಿಯ ಗುಂಡಿಯಷ್ಟಾಯಿತೆಂದು ಅವರು ನನ್ನ ಜೊತೆ ಮಾತು ಬಿಟ್ಟರು. ಎದುರು ಸಿಕ್ಕರೆ ಈಗಲೂ ಕಣ್ಣು ಕಿರಿದು ಮಾಡಿ, ಬಲು ಕಷ್ಟದಿಂದ ನನ್ನನ್ನು ಹುಡುಕುವವರ ಹಾಗೆ ನೋಡುತ್ತಾರೆ.

ಈ ಕಾಯಿಲೆಯಿಂದಾಗಿ ನಾನು ಅಮೆರಿಕದ ಒಂದು ಚುನಾವಣೆಯಲ್ಲಿ ಕೈ ಹಾಕಿ, ಎರಡು ತಿಂಗಳು ಊಟ ರುಚಿಸದೆ ಒದ್ದಾಡಿದ ಕತೆಯನ್ನು ಹೇಳಬೇಕಾಗಿದೆ. ರಾಜ್ಯದ ಹೆಸರು ಹೇಳುವುದಿಲ್ಲ. ಗಿರಾಕಿಯ ಗುಟ್ಟು ಕಾಪಾಡುವುದೊಂದೇ ನನ್ನ ಕಸುಬಿನಲ್ಲಿ ಉಳಿದಿರುವ ಮರ್ಯಾದೆ.

ಮಳೆಗಾಲದಲ್ಲಿ ನಮಗೆ ಕೆಲಸ ಕಡಿಮೆ. ಹಾಗಾಗಿ ಹೊರದೇಶದವರಿಗೆ ವಿನ್ಯಾಸ ಮಾಡಿಕೊಡುವ ಒಂದು ಜಾಲತಾಣದಲ್ಲಿ ಹೆಸರು ನೋಂದಾಯಿಸಿದ್ದೆ. ನನ್ನ ಪರಿಚಯದಲ್ಲಿ ‘ಚುನಾವಣಾ ಪ್ರಚಾರದಲ್ಲಿ ಅಪಾರ ಅನುಭವ’ ಎಂದು ಬರೆದದ್ದು ಸುಳ್ಳಲ್ಲ. ಪಂಚಾಯತಿನಿಂದ ಹಿಡಿದು ಸಹಕಾರಿ ಸಂಘದವರೆಗೆ ಎಷ್ಟು ಮಂದಿಯ ಕೈ ಮುಗಿಸಿದ್ದೇನೋ ನನಗೇ ಲೆಕ್ಕವಿಲ್ಲ. ಬಹಳ ದಿನ ಯಾರೂ ಕೇಳಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಡಾರ್ಲೀನ್ ಎಂಬವರಿಂದ ಸಂದೇಶ ಬಂತು. ಅವರು ತಮ್ಮ ಕೌಂಟಿಯ, ಅಂದರೆ ನಮ್ಮ ತಾಲೂಕಿನಂಥದ್ದರ, ರಸ್ತೆ ಕಮಿಷನರ್ ಹುದ್ದೆಗೆ ಸ್ಪರ್ಧಿಸಿದ್ದಾರೆ. ಮನೆಗಳ ಮುಂದಿನ ಹುಲ್ಲಿನಲ್ಲಿ ನೆಡುವ ಸಣ್ಣ ಫಲಕಕ್ಕೆ ಒಂದು ವಿನ್ಯಾಸ ಬೇಕು.

ಸಂದೇಶವನ್ನು ನನ್ನ ಗಂಡನಿಗೆ ತೋರಿಸಿದೆ. ಅವರು ನಿವೃತ್ತ ಗಣಿತ ಮಾಸ್ತರರು. ಯಾವ ವಿಷಯವನ್ನೂ ಎರಡು ಸಲ ತಾಳೆ ನೋಡದೆ ನಂಬುವವರಲ್ಲ.

“ರಸ್ತೆ ರಿಪೇರಿ ಮಾಡಿಸುವವನನ್ನು ಜನ ವೋಟು ಹಾಕಿ ಆರಿಸುವುದಾ? ನಿನಗೆ ಯಾರೋ ಟೋಪಿ ಹಾಕ್ತಿದ್ದಾರೆ” ಎಂದರು.

ಸಂಜೆಯವರೆಗೆ ಕೂತು ಅವರೇ ಓದಿ ನೋಡಿ, ಬೆರಗಾಗಿ ಬಂದರು. ಅಲ್ಲಿ ಪೊಲೀಸ್ ಮುಖ್ಯಸ್ಥನಿಗೂ ಚುನಾವಣೆ, ಕೆಲವು ಕಡೆ ನ್ಯಾಯಾಧೀಶನಿಗೂ ಚುನಾವಣೆ. ಅಸಹಜವಾಗಿ ಸತ್ತವರ ಹೆಣ ನೋಡಿ ಕಾರಣ ಬರೆಯುವ ಅಧಿಕಾರಿಗೂ ಕೆಲವು ಕೌಂಟಿಗಳಲ್ಲಿ ಚುನಾವಣೆಯೇ! ಆ ರಾಜ್ಯದಲ್ಲಿ ಬಲು ಕಾಲದಿಂದ ಸಂಪ್ರದಾಯವಾದಿಗಳ ಒಂದೇ ಪಕ್ಷದ ಜೋರು. ನವೆಂಬರಿನ ಮತದಾನ ಹೆಸರಿಗೆ ಮಾತ್ರ. ನಿಜವಾದ ಜಗಳ ಅದಕ್ಕೂ ಮೊದಲು, ಆ ಪಕ್ಷದ ಟಿಕೆಟ್ಟು ಯಾರಿಗೆ ಎಂದು ಜನರೇ ತೀರ್ಮಾನಿಸುವ ಒಳಚುನಾವಣೆಯಲ್ಲಿ.

ಮೆಲ್ಕಾರಿನಲ್ಲಿ ಮುದ್ರಣದ ಯಂತ್ರ ಇಟ್ಟುಕೊಂಡಿರುವ ಹಮೀದರಿಗೆ ಫೋನಿನಲ್ಲಿ ಇದನ್ನು ಹೇಳಿದೆ. ನಾನು ಮಾಡಿದ ವಿನ್ಯಾಸಗಳೆಲ್ಲ ಅವರಲ್ಲೇ ಅಚ್ಚಾಗುವುದು. ಅವರಿಗೆ ಹೆಣದ ಅಧಿಕಾರಿಯ ವಿಷಯ ತಲೆಯಿಂದ ಹೋಗಲೇ ಇಲ್ಲ.

“ಅಲ್ಲ ಅಕ್ಕ, ಅವ ಮನೆಮನೆಗೆ ಹೋಗಿ ಎಂತ ಹೇಳ್ತಾನೆ ಮಾರಾಯ್ರೆ? ‘ಸಮಯ ಬಂದಾಗ ನಿಮ್ಮನ್ನು ಚೆನ್ನಾಗಿ ನೋಡಿಕೊಳ್ತೇನೆ’ ಅಂತವಾ?”

ಡಾರ್ಲೀನಮ್ಮ ಶಾಲಾ ಬಸ್ಸಿನ ಡ್ರೈವರ್. ಅರುವತ್ತರ ಹತ್ತಿರದ ಪ್ರಾಯ, ಕುತ್ತಿಗೆಗೆ ನೇತು ಹಾಕಿದ ಕನ್ನಡಕ. ರಾಜಕೀಯ ಅವರಿಗೆ ಬೇಡವಾಗಿತ್ತು. ಆದರೆ ಅವರ ದಾರಿಯಲ್ಲಿ ಒಂದು ತೊರೆಗೆ ಕಟ್ಟಿದ ಸೇತುವೆ ಶಿಥಿಲವಾಗಿ, ಬಸ್ಸು ಹೋಗಬಾರದೆಂದು ಹಲಗೆ ಹಾಕಿದ್ದಾರೆ. ತೊರೆಯ ಆಚೆ ಬದಿಯ ಮಕ್ಕಳನ್ನು ಕರೆದು ತರಲು ಗುಡ್ಡ ಸುತ್ತಿ ಹೋಗಬೇಕು. ಒಂದನೇ ಕ್ಲಾಸಿನ ಒಂದು ಹುಡುಗಿ ಕತ್ತಲೆ ಹರಿಯುವ ಮೊದಲೇ ರಸ್ತೆ ಬದಿಯಲ್ಲಿ ನಿಂತಿರುತ್ತಾಳೆ, ಬಸ್ಸು ಹತ್ತಿದ ಕೂಡಲೇ ನಿದ್ದೆ ಹೋಗುತ್ತಾಳೆ. ಈಗಿನ ಕಮಿಷನರ್ ಪ್ರತಿ ಸಲ ‘ಮುಂದಿನ ವರ್ಷ’ ಎನ್ನುತ್ತಾನೆ. “ಆ ಮಗುವಿಗೆ ಮುಂದಿನ ವರ್ಷ ಅಂದರೆ ಎರಡನೇ ಕ್ಲಾಸು. ಅದಕ್ಕೇ ನಿಂತೆ” ಎಂದು ಡಾರ್ಲೀನಮ್ಮ ಬರೆದಿದ್ದರು. ಇದನ್ನು ಓದಿದ ಮೇಲೆ ನಾನು ಗಿರಾಕಿಯ ಕೆಲಸ ಎಂದು ಮಾಡಲಿಲ್ಲ. ಮನೆಯ ಕೆಲಸ ಎಂದು ಮಾಡಿದೆ. ಎಡವಟ್ಟಾದದ್ದು ಅಲ್ಲಿಯೇ.

ಮೂರು ದಿನ ಕೂತು ಫಲಕ ತಯಾರಿಸಿದೆ. ನಡುವಿನಲ್ಲಿ ಡಾರ್ಲೀನಮ್ಮ, ತಲೆಯ ಹಿಂದೆ ಸೂರ್ಯನ ಕಿರಣ. ಅವರು ಕಳಿಸಿದ ಫೋಟೋದಲ್ಲಿ ಕೈಗಳು ಸ್ಟೀರಿಂಗಿನ ಮೇಲಿದ್ದವು. ಸ್ಟೀರಿಂಗು ಹಿಡಿದುಕೊಂಡು ವೋಟು ಕೇಳಿದರೆ ಯಾರು ಕೊಡುತ್ತಾರೆ? ನನ್ನ ಕಂಪ್ಯೂಟರಿನಲ್ಲಿ ಮುಗಿದ ಕೈಗಳ ದೊಡ್ಡ ಸಂಗ್ರಹವೇ ಉಂಟು. ಅದರಿಂದ ಒಂದು ಜೊತೆ ತೆಗೆದು, ಬಣ್ಣ ಸ್ವಲ್ಪ ಬಿಳಿ ಮಾಡಿ ಜೋಡಿಸಿದೆ. ಕೆಳಗೆ ಬೆಂಬಲಿಗರಿಗೆಂದು ಹನ್ನೆರಡು ವೃತ್ತ. ಖಾಲಿ ವೃತ್ತ ಕಳಿಸುವುದು ಹೇಗೆಂದು, ಮಾದರಿಗಾಗಿ ನಮ್ಮ ಕಡೆಯ ಒಂದು ಕಬಡ್ಡಿ ತಂಡದ ಮುಖಗಳನ್ನೇ ಕೂರಿಸಿದೆ.

ಮರುದಿನ ಬೆಳಿಗ್ಗೆ ಆರಕ್ಕೆ ವಿಡಿಯೋ ಕರೆ. ಅವರಿಗೆ ಆಗ ಹಿಂದಿನ ದಿನದ ಸಂಜೆ. ಡಾರ್ಲೀನಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಅವರ ಇಂಗ್ಲಿಷು ನನಗೆ ಪೂರ್ತಿ ಹಿಡಿಯುವುದಿಲ್ಲ, ಆದರೆ ಕೇಳಿದ ಪ್ರಶ್ನೆಯಲ್ಲಿ ಸಂಶಯವಿರಲಿಲ್ಲ.

“ತಂಗೀ, ಇವು ಯಾರ ಕೈಗಳು?”

“ನಿಮ್ಮವೇ” ಎಂದೆ.

“ನಾನು ಬಳೆ ತೊಡುವುದಿಲ್ಲವಲ್ಲ.”

ಬಳೆ ತೆಗೆಯಲು ಮರೆತಿದ್ದೆ. ನಾನು ತೊದಲುತ್ತಿರುವಾಗ ಅವರು ಕೆಳಗಿನ ಸಾಲಿಗೆ ಇಳಿದರು. “ಈ ಹನ್ನೆರಡು ಗಂಡಸರು ಯಾರು?”

“ನಿಮ್ಮ ಬೆಂಬಲಿಗರು.”

“ನನಗೆ ಇರುವುದು ಒಬ್ಬನೇ ಬೆಂಬಲಿಗ, ನನ್ನ ಗಂಡ. ಅವನೂ ಇನ್ನೂ ಯೋಚಿಸುತ್ತಿದ್ದಾನೆ” ಎಂದು ಹೇಳಿ ಅವರು ಗಟ್ಟಿಯಾಗಿ ನಕ್ಕುಬಿಟ್ಟರು.

ಆಮೇಲೆ ತಮಗೆ ಬೇಕಾದದ್ದು ಏನೆಂದು ವಿವರಿಸಿದರು. ನೀಲಿ ಹಲಗೆ. ಅದರ ಮೇಲೆ ಬಿಳಿ ಅಕ್ಷರದಲ್ಲಿ ಅವರ ಹೆಸರು, ಕೆಳಗೆ ಹುದ್ದೆಯ ಹೆಸರು. ಮುಗಿಯಿತು. ಮುಖ ಬೇಡ, ಘೋಷಣೆ ಬೇಡ. ಕಾರಿನಲ್ಲಿ ವೇಗವಾಗಿ ಹೋಗುವವರಿಗೆ ಅಷ್ಟು ಓದಲಿಕ್ಕೆ ಮಾತ್ರ ಸಮಯವಂತೆ. ಆಗ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಬಿ.ಸಿ.ರೋಡು ಪೇಟೆಯಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡವನು ಹನ್ನೆರಡಲ್ಲ, ನಲವತ್ತು ಮುಖಗಳನ್ನೂ ಅವುಗಳ ಕೆಳಗಿನ ಬಿರುದುಗಳನ್ನೂ ನಿಧಾನವಾಗಿ ಓದಿ ಮುಗಿಸಬಹುದು. ನಮ್ಮ ರಸ್ತೆ ಸರಿಯಾದರೆ ನನ್ನ ಕಸುಬಿಗೇ ಪೆಟ್ಟು.

ಹೆಸರು ಮಾತ್ರ ಇರುವ ಹಲಗೆ ಮಾಡಿ ಕಳಿಸಿದೆ. ಡಾರ್ಲೀನಮ್ಮ ಒಪ್ಪಿ, ಅಚ್ಚಿಗೆ ಬೇಕಾದ ಕಡತವನ್ನು ನೇರವಾಗಿ ಅವರ ಊರಿನ ಮುದ್ರಕನಿಗೆ ಕಳಿಸಲು ಹೇಳಿದರು. ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಇವತ್ತು ಬೇರೆ ಏನನ್ನಾದರೂ ಬರೆಯುತ್ತಿದ್ದೆ. ಆದರೆ ಅಂದು ಇಡೀ ದಿನ ಆ ನೀಲಿ ಹಲಗೆ ನನ್ನ ಕಣ್ಣೆದುರು ಬಂದು ನಿಲ್ಲುತ್ತಿತ್ತು. ಮನೆಗೆ ಬಂದ ನೆಂಟರನ್ನು ಒಂದು ಲೋಟ ನೀರು ಸಹ ಕೊಡದೆ ಕಳಿಸಿದ ಹಾಗೆ ಸಂಕಟ. ಪಾಪ, ಅಷ್ಟು ಒಳ್ಳೆಯ ಹೆಂಗಸು, ಬರಿಯ ಹೆಸರು! ಹಲಗೆಯ ಕೆಳಮೂಲೆಯಲ್ಲಿ ಒಂದು ಅಂಗೈ ಅಗಲದ ಜಾಗ ಇತ್ತು. ನನ್ನ ತವರು ಬೆಳ್ತಂಗಡಿ ತಾಲೂಕಿನಲ್ಲಿ, ಕೊಕ್ಕಡದ ಆಚೆ. ಅಲ್ಲಿ ಹಳ್ಳಕ್ಕೆ ಕಟ್ಟಿದ ಹಳೆಯ ಕಲ್ಲಿನ ಕಮಾನು ಸೇತುವೆಯ ಎಂದೋ ತೆಗೆದ ಫೋಟೋ ನನ್ನ ಫೋನಿನಲ್ಲಿತ್ತು. ಅದರ ಮೇಲೆ ಗೆರೆ ಎಳೆದು ಚಂದದೊಂದು ಪುಟ್ಟ ಚಿತ್ರ ಮಾಡಿ ಮೂಲೆಯಲ್ಲಿ ಇಟ್ಟೆ. ಸೇತುವೆಗಾಗಿ ನಿಂತವರ ಫಲಕದಲ್ಲಿ ಸೇತುವೆ, ಇದರಲ್ಲಿ ತಪ್ಪೇನು? ಯಾರಿಗೂ ಹೇಳದೆ ಮುದ್ರಕನಿಗೆ ಕಳಿಸಿ, ಆ ದಿನ ನೆಮ್ಮದಿಯಿಂದ ಊಟ ಮಾಡಿದೆ.

ಅದೇ ಕೊನೆಯ ನೆಮ್ಮದಿಯ ಊಟ. ವಾರ ಕಳೆಯುವುದರೊಳಗೆ ಡಾರ್ಲೀನಮ್ಮನ ಸಂದೇಶ ಬಂತು. ಅವರು ಬಸ್ಸಿನಲ್ಲಿದ್ದಾಗ ಗಂಡನೇ ಫಲಕಗಳನ್ನು ತಂದು ಊರೆಲ್ಲ ನೆಟ್ಟು ಬಂದಿದ್ದನಂತೆ. ಈಗ ಊರಿನವರ ಜಾಲತಾಣದ ಗುಂಪಿನಲ್ಲಿ ಗಲಾಟೆ. ಸಂದೇಶದಲ್ಲಿ ಇದ್ದದ್ದು ಒಂದೇ ಪ್ರಶ್ನೆ: “ಸೇತುವೆಯ ಪಕ್ಕದಲ್ಲಿ ತೆಂಗಿನಮರ ಯಾಕೆ ಇದೆ?”

ಚಿತ್ರ ತೆರೆದು ನೋಡಿದೆ. ಇತ್ತು. ಸೇತುವೆಯ ಜೊತೆಗೆ ಪಕ್ಕದ ತೆಂಗಿನಮರವನ್ನೂ ಗೆರೆ ಎಳೆದುಬಿಟ್ಟಿದ್ದೆ. ನಮ್ಮ ಕಣ್ಣಿಗೆ ತೆಂಗಿನಮರ ಬೀಳುತ್ತದೆಯೇ? ಅದು ಎಲ್ಲ ಕಡೆಯೂ ಇರುವಂಥದ್ದು. ಆದರೆ ಚಳಿಗೆ ತೊರೆಯೇ ಹೆಪ್ಪುಗಟ್ಟುವ ಆ ಊರಿನಲ್ಲಿ ಜನ ಕಾರು ನಿಲ್ಲಿಸಿ ಫೋಟೋ ಹೊಡೆಯುತ್ತಿದ್ದರು. ಎದುರಾಳಿ, ಅಂದರೆ ಈಗಿನ ಕಮಿಷನರ್, ‘ನಮ್ಮ ಸೇತುವೆ ಹೇಗಿದೆ ಎಂದೇ ಗೊತ್ತಿಲ್ಲದವರು ಅದನ್ನು ರಿಪೇರಿ ಮಾಡುತ್ತಾರಂತೆ’ ಎಂದು ಬರೆದ. ಇನ್ನೊಬ್ಬ, ಇದು ಯಾವ ದೇಶದ ಸೇತುವೆ, ಈ ಹೆಂಗಸಿನ ಬೆನ್ನ ಹಿಂದೆ ಯಾವ ದೇಶದ ಕೈ ಉಂಟು ಎಂದು ಕೇಳಿದ. ನಮ್ಮಲ್ಲಿ ಯಾವುದಕ್ಕೂ ವಿದೇಶಿ ಕೈವಾಡ ಎಂದು ಭಾಷಣದಲ್ಲಿ ಕೇಳಿ ಬೆಳೆದವಳು ನಾನು. ಆ ಕೈ ನನ್ನದೇ ಆಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಗಂಡನಿಗೆ ಹೇಳಿದೆ. ಅವರು ಬಾಗಿಲು ಹಾಕಿ ಬಂದು ಮೆಲ್ಲಗೆ, “ಉತ್ತರ ಕೊಡಬೇಡ. ಆ ಖಾತೆ ಮುಚ್ಚಿಬಿಡು. ನಾಳೆ ಪೊಲೀಸರು ಬಂದರೆ ನನಗೆ ಪಿಂಚಣಿಯ ಚಿಂತೆ” ಎಂದರು.

ಹಮೀದರು ಮಾತ್ರ ಬೇರೆ ರೀತಿ. “ಅಕ್ಕ, ತಪ್ಪು ಅಚ್ಚಾದರೆ ನಾವು ಎಂತ ಮಾಡ್ತೇವೆ? ಕೆಲಸ ಕೊಟ್ಟ ಪಾರ್ಟಿಗೆ ಫೋನ್ ಮಾಡಿ ಹೇಳ್ತೇವೆ. ಬೈಗುಳ ತಿಂತೇವೆ. ಅಷ್ಟೆ. ನೀವು ಹೇಳಿಬಿಡಿ.”

ಮರುದಿನ ಬೆಳಿಗ್ಗೆ ಆರಕ್ಕೆ ಹೇಳಿದೆ. ಖಾಲಿ ಜಾಗ ನೋಡಲು ಆಗದೆ ಕೇಳದೆಯೇ ಹಾಕಿದೆ, ಅದು ನನ್ನ ತವರಿನ ಸೇತುವೆ, ತಪ್ಪಾಯಿತು ಎಂದೆ. ಡಾರ್ಲೀನಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಸುಮ್ಮನೆ ಕಣ್ಣು ಒರೆಸಿಕೊಂಡು, “ನಾನು ಇದಕ್ಕಾಗಿ ನೆರೆಹೊರೆಯವರ ಬಾಗಿಲು ತಟ್ಟಿದ್ದೇನೆ, ಗೊತ್ತಾ? ನನಗೆ ಬಾಗಿಲು ತಟ್ಟುವುದೆಂದರೆ ಪ್ರಾಣಸಂಕಟ” ಎಂದರು. ಮುಂದಿನ ವಾರ ಅಗ್ನಿಶಾಮಕ ಠಾಣೆಯಲ್ಲಿ ಅಭ್ಯರ್ಥಿಗಳಿಬ್ಬರೂ ಊರವರ ಎದುರು ಮಾತಾಡುವ ಸಭೆ ಇತ್ತು. ಅಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕನ್ನಡಕ ಮತ್ತೆ ಏರಿಸಿ ಅವರು ಕೇಳಿದರು: “ನಿಮ್ಮ ಸೇತುವೆ ಎಷ್ಟು ಹಳೆಯದು? ಇನ್ನೂ ಗಟ್ಟಿಯಾಗಿದೆಯೇ? ಅದರ ಮೇಲೆ ಬಸ್ಸು ಹೋಗುತ್ತದೆಯೇ?”

“ಅಜ್ಜಂದಿರ ಕಾಲದ್ದು. ಕಲ್ಲಿನ ಹಾಗೆ ಉಂಟು. ಬಸ್ಸು ಧಾರಾಳವಾಗಿ ಹೋಗ್ತದೆ” ಎಂದೆ. ಅವರ ಮುಖ ಅರಳಿತು. ಒಂದು ಶತಮಾನದ ಸೇತುವೆಯ ಮೇಲೆ ಅಲ್ಲಿ ಬಸ್ಸು ಓಡುತ್ತದೆ, ಇಲ್ಲಿ ಯಾಕಿಲ್ಲ ಎಂದು ಕೇಳುತ್ತೇನೆ ಎಂದರು.

ಫೋನಿಟ್ಟ ಮೇಲೆ ನನಗೆ ಚಡಪಡಿಕೆ ಶುರುವಾಯಿತು. ಆ ಸೇತುವೆ ದಾಟಿ ಎಷ್ಟೋ ವರ್ಷವಾಗಿತ್ತು. ನನ್ನ ತಮ್ಮ ಅಲ್ಲಿ ಹೊಸ ಮನೆ ಕಟ್ಟಿದ ಮೇಲೆ ನಾವು ಇನ್ನೊಂದು ದಾರಿಯಲ್ಲಿ ಹೋಗುತ್ತೇವೆ. ಅಂಗಡಿಯಲ್ಲಿ ಕೂತರೆ ಮನಸ್ಸು ನಿಲ್ಲದು. ಆ ವಾರವೇ ಒಂದು ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ, ಹಿರಿಯರೊಬ್ಬರ ಹಾರ ಹಾಕಿದ ಫೋಟೋದ ಕೆಳಗೆ ‘ನಿಮ್ಮ ಬೆಂಬಲವೇ ನಮ್ಮ ಬಲ’ ಎಂದು ಬರೆದು ಅಚ್ಚಿಗೆ ಕಳಿಸಿದ್ದೆ. ಹಮೀದರು ನೋಡಿದ್ದರಿಂದ ಬಚಾವಾದೆ. “ಅಕ್ಕ, ಇವರು ಮೇಲೆ ಹೋಗಿ ಎಲೆಕ್ಷನಿಗೆ ನಿಲ್ತಾರಾ?” ಎಂದು ಫೋನು ಮಾಡಿದ್ದರು. ಕೊನೆಗೆ ಭಾನುವಾರ ಗಂಡನ ಸ್ಕೂಟರಿನ ಹಿಂದೆ ಕೂತು ಹೊರಟೇಬಿಟ್ಟೆ. ಬೆಳ್ತಂಗಡಿ, ಉಜಿರೆ ದಾಟಿ ಧರ್ಮಸ್ಥಳದ ಬಸ್ಸುಗಳ ಹಿಂದೆ ಹೊಗೆ ಕುಡಿಯುತ್ತ ಹೋದೆವು. “ಒಂದು ಫೋನು ಮಾಡಿ ತಮ್ಮನನ್ನು ಕೇಳಿದರೆ ಸಾಕಿತ್ತು” ಎಂದು ದಾರಿಯುದ್ದಕ್ಕೂ ಗಂಡ ಗೊಣಗಿದರು. ಅಮೆರಿಕದ ಚುನಾವಣೆಯನ್ನು ತಮ್ಮನ ಬಾಯಿಮಾತಿನ ಮೇಲೆ ಬಿಡಲು ನಾನು ತಯಾರಿರಲಿಲ್ಲ.

ಸೇತುವೆಯ ತುದಿಯಲ್ಲಿ ಎರಡು ಕಲ್ಲುಕಂಬ, ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿ. ಪಕ್ಕದಲ್ಲಿ ತುಕ್ಕು ಹಿಡಿದ ಫಲಕ: ‘ಘನ ವಾಹನಗಳ ಸಂಚಾರ ನಿಷೇಧ’. ಗಂಡ ಹೆಲ್ಮೆಟ್ ತೆಗೆದು ಎರಡು ಸಲ ಓದಿದರು. ಅಲ್ಲಿ ಹುಲ್ಲಿನ ಕಟ್ಟು ಇಳಿಸಿ ಕೂತಿದ್ದ ಹೆಂಗಸೊಬ್ಬರನ್ನು, “ಬಸ್ಸು ಹೋಗುವುದಿಲ್ವಾ?” ಎಂದು ಕೇಳಿದೆ.

“ಬಸ್ಸಾ? ಅದು ನಿಂತು ಎಷ್ಟು ಕಾಲ ಆಯ್ತು! ಮಕ್ಕಳು ಇಲ್ಲಿಂದ ನಡೆದು ಹೋಗ್ತಾರೆ. ಸರಿ ಮಾಡ್ತೇವೆ ಅಂತ ಹೇಳಿದ್ದಾರೆ, ಬರುವ ವರ್ಷ.”

ಬರುವ ವರ್ಷ! ಈ ಮಾತನ್ನು ನಾನು ಇಂಗ್ಲಿಷಿನಲ್ಲಿ ಓದಿದ್ದೆನಲ್ಲ. ಸ್ಕೂಟರಿನ ಹಿಂದೆ ಕೂತು ಮರಳುವಾಗ ನನಗೆ ಕೋಪ ಬಂದಿತ್ತು. ಕೋಪ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಆ ಸೇತುವೆ ಯಾರ ಕೆಲಸ? ಪಂಚಾಯತಿನದ್ದೋ, ತಾಲೂಕಿನದ್ದೋ, ಇನ್ನೂ ಮೇಲಿನವರದ್ದೋ? ಗಂಡನನ್ನು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಡಾರ್ಲೀನಮ್ಮನಿಗಾದರೆ ಬೈಯಲು ಹೆಸರು ಹಿಡಿದು ಒಬ್ಬ ಮನುಷ್ಯನಿದ್ದ.

ಎರಡನೆಯ ಸಲ ತಪ್ಪೊಪ್ಪಿಗೆ ಹೇಳುವುದು ಮೊದಲನೆಯದಕ್ಕಿಂತ ಕಷ್ಟ. ಅವರು ಸಭೆಗೆ ಹೊರಡುವ ಸಂಜೆ, ಅಂದರೆ ನಮ್ಮ ನಸುಕಿಗೇ ಕರೆ ಮಾಡಿ, ಫಲಕದ ಫೋಟೋ ಕಳಿಸಿ, ಅದರಲ್ಲಿ ಬರೆದದ್ದನ್ನು ಅನುವಾದಿಸಿ ಹೇಳಿದೆ. ಡಾರ್ಲೀನಮ್ಮ ಸಭೆಗೆಂದು ಅಂಗಿ ಇಸ್ತ್ರಿ ಮಾಡುತ್ತಿದ್ದವರು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದೇ ನಿಂತರು. ಆಮೇಲೆ ಮೆಲ್ಲಗೆ, “ಅಂದರೆ ನಿಮ್ಮ ಮಕ್ಕಳಿಗೂ ಹೀಗೆಯೇ” ಎಂದರು. ಪ್ರಶ್ನೆಯಾಗಿರಲಿಲ್ಲ ಅದು.

ಸಭೆಯಲ್ಲಿ ಏನಾಯಿತೆಂದು ಅವರ ಗಂಡ ತೆಗೆದ ವಿಡಿಯೋದಲ್ಲಿ ನೋಡಿದೆ. ಬೆಂಕಿ ಆರಿಸುವ ಕೆಂಪು ಬಂಡಿಯ ಮುಂದೆ ಮಡಚುವ ಕುರ್ಚಿಗಳು, ಒಂದೈವತ್ತು ಜನ. ತೆಂಗಿನಮರದ ಪ್ರಶ್ನೆ ಎದುರಾಳಿಯೇ ಕೇಳಿದ, ಜನ ನಕ್ಕರು. ಡಾರ್ಲೀನಮ್ಮ ಎದ್ದು ನಿಂತರು. ಕನ್ನಡಕ ಏರಿಸಿ ಕಾಗದ ಬಿಚ್ಚಿದರು. ಈ ಚಿತ್ರ ಮಾಡಿದವಳು ಭಾರತದ ಒಬ್ಬ ಹೆಂಗಸು, ಅವಳಿಗೆ ಸೇತುವೆ ಎಂದಾಗ ನೆನಪಾದದ್ದು ಅವಳ ಊರಿನದ್ದು. ಅಲ್ಲಿಯೂ ಬಸ್ಸು ಹೋಗದ ಹಾಗೆ ಕಂಬ ಹಾಕಿದ್ದಾರೆ, ಅಲ್ಲಿಯೂ ಮುಂದಿನ ವರ್ಷ ಎನ್ನುತ್ತಾರೆ. “ಹಾಗಾಗಿ ಇದು ತಪ್ಪು ಸೇತುವೆಯಲ್ಲ. ಮರವೊಂದು ಬಿಟ್ಟರೆ ಇದು ನಮ್ಮದೇ” ಎಂದರು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಎದ್ದು, ತನ್ನ ಮೊಮ್ಮಗಳು ಬಸ್ಸಿನಲ್ಲಿ ನಿದ್ದೆ ಹೋಗುತ್ತಾಳೆ ಎಂದು ಹೇಳಿ ಮತ್ತೆ ಕೂತ.

ಒಳಚುನಾವಣೆಯ ಮತದಾನದ ಮರುದಿನ ನಮ್ಮ ಮನೆಯಲ್ಲಿ ದೋಸೆ ಸೀದು ಹೋಯಿತು. ಗಂಡ ಚೀಟಿ ಹಿಡಿದು ಕೂತು ಬೂತು ಬೂತಿನ ಮತಗಳನ್ನು ಕೂಡಿಸಿದರು, ಸಂಶಯ ಬಂದು ಮತ್ತೊಮ್ಮೆ ಕೂಡಿಸಿದರು. ಎರಡು ಸಲವೂ ಡಾರ್ಲೀನಮ್ಮ ಸೋತಿದ್ದರು, ನಮ್ಮ ಬೀದಿಯಲ್ಲಿರುವ ಮನೆಗಳಷ್ಟೇ ಮತಗಳಿಂದ. ಮರು ಎಣಿಕೆ ಕೇಳಬೇಕೆಂದು ನಾನು ಹಟ ಹಿಡಿದೆ. ಡಾರ್ಲೀನಮ್ಮನೇ ಸಮಾಧಾನ ಮಾಡಿದರು. ಗೆದ್ದವನು ಇಷ್ಟು ಕಡಿಮೆ ಅಂತರದಲ್ಲಿ ಗೆದ್ದದ್ದಕ್ಕೆ ಹೆದರಿ, ಸೇತುವೆಯ ಹತ್ತಿರ ಅಳತೆಯವರನ್ನು ಕಳಿಸಿದ್ದಾನಂತೆ. ನಂಬುವುದಿಲ್ಲ, ಆದರೆ ದಿನಾ ಬಸ್ಸು ನಿಲ್ಲಿಸಿ ನೋಡುತ್ತೇನೆ ಎಂದರು. ಕೊನೆಗೆ ಕೇಳಿದರು: “ನಿಮ್ಮಲ್ಲಿ ಚುನಾವಣೆ ಯಾವಾಗ?”

ನಮ್ಮಲ್ಲಿಯೂ ಪಂಚಾಯತ್ ಚುನಾವಣೆಯ ಮಾತು ಶುರುವಾಗಿತ್ತು. ಮೂಡುಬಿದಿರೆಯ ಹೊರಗಿನ ನಮ್ಮ ಪಂಚಾಯತಿನಲ್ಲಿ ನಮ್ಮ ವಾರ್ಡು ಈ ಸಲ ಮಹಿಳೆಗಂತೆ. ಒಂದು ದಿನ ದಪ್ಪ ಮೀಸೆಯವರೊಬ್ಬರು ಮಹಡಿ ಹತ್ತಿ ಬಂದರು. ಎಲ್ಲೋ ನೋಡಿದ ಮುಖ. ನಿಮ್ಮ ವಾರ್ಡಿನ ಮೆಂಬರ್ ನಾನೇ ಎಂದಾಗ ನೆನಪಾಯಿತು: ಹಿಂದೆ ನಾನೇ ಮಾಡಿದ ಒಂದು ಫ್ಲೆಕ್ಸಿನ ಕೆಳಗಿನ ಸಾಲು, ಎಡದಿಂದ ಮೂರನೆಯ ವೃತ್ತ. ಇಷ್ಟು ದೊಡ್ಡದಾಗಿ ನೋಡಿದ್ದು ಅದೇ ಮೊದಲು.

“ಈ ಸಲ ನನ್ನ ಹೆಂಡ್ತಿ ನಿಲ್ತಾಳೆ” ಎಂದು ಅವರು ತಮ್ಮದೇ ಮೂರು ಫೋಟೋ ಮೇಜಿನ ಮೇಲಿಟ್ಟರು. ಹೆಂಡತಿಯದ್ದು ಕೇಳಿದಾಗ ಗುರುತುಚೀಟಿಯ ನಕಲು ತೆಗೆದರು. ಅದರಲ್ಲಿ ಆಕೆ ಮಸಿಯ ಒಂದು ಚುಕ್ಕಿಯಾಗಿದ್ದಳು.

ನನ್ನೊಳಗೆ ಡಾರ್ಲೀನಮ್ಮ ಎದ್ದು ನಿಂತರು. “ಅಭ್ಯರ್ಥಿಯ ಹತ್ತಿರ ಮಾತಾಡದೆ ನಾನು ವಿನ್ಯಾಸ ಮಾಡುವುದಿಲ್ಲ” ಎಂದುಬಿಟ್ಟೆ. ಅವರು ಗಲಿಬಿಲಿಯಾಗಿ ಹೆಂಡತಿಗೆ ಫೋನು ಹಚ್ಚಿ ನನಗೆ ಕೊಟ್ಟರು. ನಾನು ಒಂದೇ ಉಸಿರಿನಲ್ಲಿ, ಫಲಕದಲ್ಲಿ ನಿಮ್ಮ ಮುಖವೇ ದೊಡ್ಡದಿರಬೇಕು, ಬೇಕಿದ್ದರೆ ಹೆಸರು ಮಾತ್ರ ಹಾಕುವ, ನಿಮಗೆ ಯಾವ ರಸ್ತೆ, ಯಾವ ಮೋರಿ ಸರಿಯಾಗಬೇಕು ಹೇಳಿ, ಹೆಂಗಸರು ಮುಂದೆ ಬರಬೇಕು ಎಂದೆಲ್ಲ ಹೇಳಿದೆ. ಆ ಕಡೆಯಿಂದ ಆಕೆ ಪೂರ್ತಿ ಕೇಳಿಸಿಕೊಂಡಳು.

“ಅಕ್ಕ, ನಿಮಗೆ ಇಷ್ಟೆಲ್ಲ ಗೊತ್ತುಂಟಲ್ಲ. ವಾರ್ಡೂ ನಿಮ್ಮದೇ. ನನಗೆ ಮೊದಲೇ ಮನಸ್ಸಿಲ್ಲ, ಇವರ ಒತ್ತಾಯ. ನೀವೇ ನಿಲ್ಲಿ, ನಾನು ಮನೆಮನೆಗೆ ಬಂದು ವೋಟು ಕೇಳ್ತೇನೆ, ದೇವರಾಣೆ.”

“ಅಯ್ಯೋ, ನನಗೆ ಆಗ ಮದುವೆ ಸೀಸನ್ ಮಾರಾಯ್ತಿ!” ಎಂದೆ. ಅಷ್ಟು ಚುರುಕಾಗಿ ನಾನು ಜೀವನದಲ್ಲಿ ಯಾರಿಗೂ ಉತ್ತರ ಕೊಟ್ಟವಳಲ್ಲ. ಫೋನು ಹಿಂತಿರುಗಿಸಿ, ಕುರ್ಚಿ ಎಳೆದು ಕೂತು, ಅವರ ಫೋಟೋಗಳಲ್ಲಿ ದೊಡ್ಡದನ್ನು ಎದುರಿಗಿಟ್ಟು, ತಲೆ ಎತ್ತದೆ ಮೆಂಬರರನ್ನು ಕೇಳಿದೆ:

“ಮೀಸೆ ಇಷ್ಟು ಸಾಕಾ, ಇನ್ನೂ ಸ್ವಲ್ಪ ದಪ್ಪ ಮಾಡುವನಾ?”